ಹನ್ನೆರಡು ಮೀಟರ್ ಮುಂಚಿನ ಭೇಷ್

ಹಲ್ಲಿನ ಡಾಕ್ಟರಿಗೆ ಕುದುರೆಯ ಹುಚ್ಚು ಯಾಕೆ ಎಂದು ಕೇಳದವರಿಲ್ಲ. ಕೇಳಿದವರ ಬಾಯಿಗೆ ಹತ್ತಿಯ ಉಂಡೆ ತುರುಕುವ ಅನುಕೂಲ ನನ್ನ ಕೆಲಸದಲ್ಲಿ ಇರುವುದರಿಂದ ಇಲ್ಲಿಯವರೆಗೆ ಉತ್ತರ ಕೊಡದೆ ಕಾಲ ಹಾಕಿದ್ದೇನೆ.

ಮನೆಯಲ್ಲಿ ಆ ಅನುಕೂಲವಿಲ್ಲ. ಮನೆಯಲ್ಲಿ ಅತ್ತೆ ಇದ್ದಾರೆ. ಮೂವತ್ತು ವರ್ಷ ಗಣಿತ ಕಲಿಸಿದವರು. ಪರೀಕ್ಷೆಯ ಕೋಣೆಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಪಿಸುಗುಟ್ಟಿದವರನ್ನೆಲ್ಲ ಹೊರಗೆ ಕಳಿಸಿದವರು. ನಾನು ಈ ಮನೆಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ಅವರ ಬಾಯಿಂದ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ‘ಪರವಾಗಿಲ್ಲ’. ಅದೂ ನಾನೇ ಅವರಿಗೆ ಮಾಡಿಕೊಟ್ಟ ಹಲ್ಲಿನ ಸೆಟ್ಟಿಗೆ.

ನನ್ನ ಸವಾರಿಯ ಹೆಸರು ಡ್ರೆಸಾಜ್. ಇದರಲ್ಲಿ ರೇಸಿಲ್ಲ, ಬೇಲಿ ಹಾರುವುದಿಲ್ಲ. ಮರಳು ಹಾಸಿದ ಉದ್ದನೆಯ ಅಂಗಳ, ಅದರ ಅಂಚಿಗೆ ಎ, ಬಿ, ಸಿ ಎಂದು ಅಕ್ಷರದ ಹಲಗೆಗಳು. ಈ ಅಕ್ಷರದಿಂದ ಆ ಅಕ್ಷರಕ್ಕೆ ನಡಿಗೆ, ಅಲ್ಲಿಂದ ಟ್ರಾಟ್ ಎಂಬ ಕುಲುಕು ಓಟ, ಇಲ್ಲೊಂದು ವೃತ್ತ, ನಡುವೆ ಬಂದು ನಿಂತು ನಮಸ್ಕಾರ. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ. ಅತ್ತೆ ಒಮ್ಮೆ ಇದರ ವಿಡಿಯೋ ನೋಡಿ, ಕುದುರೆ ಎಲ್ಲಿಗೂ ಹೋಗುವುದೇ ಇಲ್ಲವಲ್ಲ, ಹೊರಟಲ್ಲಿಗೇ ಬರುತ್ತದಲ್ಲ, ಇದಕ್ಕೆ ವಾರಕ್ಕೆ ಮೂರು ಬೆಳಗು ಹಾಳುಮಾಡಬೇಕೇ ಎಂದು ಕೇಳಿದರು. ಹತ್ತಿಯ ಉಂಡೆ ಕೈಗೆ ಸಿಗಲಿಲ್ಲ.

ಆ ಮೂರು ಬೆಳಗೂ ಆರಕ್ಕೆ ಲಾಯ, ಏಳೂವರೆಗೆ ಮನೆ, ಮಗಳ ಡಬ್ಬಿ, ಒಂಬತ್ತಕ್ಕೆ ಕ್ಲಿನಿಕ್. ಒಬ್ಬರ ದವಡೆಹಲ್ಲು ಕೀಳುತ್ತಿದ್ದಾಗ ನನ್ನ ತಲೆಯಿಂದ ಹುಲ್ಲಿನ ಎಸಳು ಅವರ ಗಲ್ಲದ ಮೇಲೆ ಬಿತ್ತು. ಅವರು ಮತ್ತೆ ಬರಲಿಲ್ಲ. ಸವಾರಿ ಕಲಿಸುವ ಮೇಷ್ಟ್ರು ಪ್ರತಿ ಸಲವೂ ಹೇಳುವುದು ಒಂದೇ: ದವಡೆ ಸಡಿಲ ಬಿಡಿ, ಉಸಿರಾಡಿ. ದಿನವಿಡೀ ನಾನು ರೋಗಿಗಳಿಗೆ ಹೇಳುವುದೂ ಅದೇ. ಅವರೂ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ.

ನನ್ನ ಕುದುರೆ ತಾತ. ಲಾಯದಲ್ಲಿ ಎಲ್ಲರೂ ಕರೆಯುವುದು ಹಾಗೆಯೇ, ವಯಸ್ಸು ಇಪ್ಪತ್ತೆರಡು. ಆರು ವರ್ಷದಿಂದ ನಾವು ಜೊತೆ. ಎರಡು ಸಲ ಸ್ಪರ್ಧೆಗೆ ಹೋದೆವು. ಮೊದಲ ಸಲ ಮಗಳಿಗೆ ಜ್ವರವೆಂದು ಅಂಗಳದ ಬಾಗಿಲಿನಿಂದಲೇ ವಾಪಸು ಬಂದೆ. ಎರಡನೆಯ ಸಲ ನಟ್ಟನಡುವೆ ಮುಂದೇನು ಎಂಬುದೇ ಮರೆತು ಕಲ್ಲಿನಂತೆ ಕೂತೆ. ತಾತ ಬೇಸತ್ತು ತಾನೇ ಹೊರಗೆ ನಡೆದ. ಈ ತಿಂಗಳ ಕೊನೆಗೆ ಅವನಿಗೆ ನಿವೃತ್ತಿ ಎಂದು ಮೇಷ್ಟ್ರು ಹೇಳಿದರು. ಉಳಿದದ್ದು ಒಂದೇ ಸ್ಪರ್ಧೆ. ನನಗೆ ಕಪ್ ಬೇಡ, ಪದಕ ಬೇಡ. ನಮ್ಮಿಬ್ಬರ ಹೆಸರಿನ ಮುಂದೆ ಒಂದೇ ಒಂದು ಸಲ ಅಂಕ ಎಂಬುದು ಬೀಳಬೇಕಿತ್ತು.

ಮರೆಯುವವರಿಗೆ ನಿಯಮದಲ್ಲೇ ದಾರಿಯಿದೆ. ಅಂಗಳದ ಪಕ್ಕದಲ್ಲಿ ಒಬ್ಬರು ನಿಂತು ಹಾಳೆಯನ್ನು ಓದಿ ಹೇಳಬಹುದು. ಆದರೆ ಹಾಳೆಯಲ್ಲಿ ಇದ್ದಷ್ಟೇ. ಒಂದು ಮಾತು ಹೆಚ್ಚಾದರೂ ಅದು ಹೊರಗಿನ ನೆರವು, ಸವಾರ ಔಟ್. ನಮ್ಮ ಮನೆಯವರು ಬಸ್ಸುಗಳ ವೇಳಾಪಟ್ಟಿ ಹಾಕುವ ಕಚೇರಿಯವರು. ಇದ್ದದ್ದನ್ನು ಇದ್ದಂತೆ ಓದುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಅವರೇ ಓದುವುದೆಂದು ತೀರ್ಮಾನವಾಗಿತ್ತು. ಸ್ಪರ್ಧೆಗೆ ಮೂರು ದಿನವಿದ್ದಾಗ ಅವರ ಗಂಟಲು ಕೈಕೊಟ್ಟಿತು. ಆಡಿದರೆ ಗಾಳಿ ಮಾತ್ರ ಬರುತ್ತಿತ್ತು.

“ನಾನು ಓದ್ತೀನಿ. ಅಕ್ಷರ ಬರುತ್ತೆ ನಂಗೆ” ಎಂದರು ಅತ್ತೆ.

ಬೇರೆ ಗತಿ ಇರಲಿಲ್ಲ. ಊಟದ ಮೇಜು ಗೋಡೆಗೆ ತಳ್ಳಿ, ಫ್ರಿಜ್ಜಿಗೆ ಎ, ಟೀವಿಗೆ ಸಿ ಅಂಟಿಸಿ, ಕುದುರೆಯಿಲ್ಲದೆ ನಾನೊಬ್ಬಳೇ ಹಾಲ್‌ನಲ್ಲಿ ಟ್ರಾಟ್ ಮಾಡಿದೆ. ಅತ್ತೆ ಸೋಫಾದಿಂದ ಓದಿದರು. ಎ ಇಂದ ಒಳಗೆ ಬರುವುದು, ಬೆನ್ನು ನೆಟ್ಟಗೆ. ನಟ್ಟನಡುವಿನ ಎಕ್ಸ್‌ನಲ್ಲಿ ನಿಲ್ಲುವುದು, ಹೊಟ್ಟೆ ಒಳಗೆ. ಬಿ ಬಳಿ ವೃತ್ತ, ಇದು ವೃತ್ತವಲ್ಲ ಮೊಟ್ಟೆ. ಮಗಳು ಲೆಕ್ಕವಿಟ್ಟಳು: ಒಂದೇ ಸುತ್ತಿನಲ್ಲಿ ನಾನು ಹದಿನೇಳು ಸಲ ಔಟ್.

ಉಪಾಯವನ್ನೂ ಅತ್ತೆಯೇ ಹುಡುಕಿದರು. ಓದುವ ಮೊದಲು ಒಂದು ಪೆಪ್ಪರ್‌ಮಿಂಟ್ ದವಡೆಗೆ ಒತ್ತಿಕೊಳ್ಳುವುದು. ಒಂದು ಸಾಲು ಓದಿ, ಮುಂದಿನ ಸಾಲು ಬರುವವರೆಗೆ ಅದನ್ನು ಚೀಪುವುದು. ಸಕ್ಕರೆ ಹಲ್ಲಿಗೆ ಒಳ್ಳೆಯದಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಈ ಹಲ್ಲು ಹುಳುಕಾದರೆ ಮಾಡಿದವಳ ತಪ್ಪು ಎಂದುಬಿಟ್ಟರು. ಉಪಾಯ ಫಲಿಸಿತು. ಕೊನೆಯ ಎರಡು ದಿನ ಹಾಲ್‌ನಲ್ಲಿ ಅವರು ಒಂದು ಮಾತೂ ಹೆಚ್ಚು ಆಡಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಈ ಪೆಪ್ಪರ್‌ಮಿಂಟ್ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಸ್ಪರ್ಧೆಯ ಬೆಳಿಗ್ಗೆ ಗಾಳಿ ಜೋರಾಗಿತ್ತು. ತೀರ್ಪುಗಾರರು ಅಂಗಳದ ಆ ತುದಿಯಲ್ಲಿ, ಸಿ ಅಕ್ಷರದ ಹಿಂದೆ, ಕಾರಿನೊಳಗೆ ಗಾಜು ಅರ್ಧ ಏರಿಸಿ ಕೂತಿದ್ದರು. ಗಂಟೆ ಹೊಡೆಯಿತು. ಅತ್ತೆ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡರು. ತಾತ ಕಿವಿ ನಿಮಿರಿಸಿ ಒಳಗೆ ನಡೆದ.

ಅವತ್ತು ಅವನಿಗೇನಾಗಿತ್ತೋ, ಬೆಣ್ಣೆಯಂತೆ ನಡೆದ. ವೃತ್ತಗಳು ವೃತ್ತಗಳೇ ಆದವು. ನನ್ನ ದವಡೆ ಮೊದಲ ಸಲ ಸಡಿಲವಾಯಿತು. ಅತ್ತೆಯ ಧ್ವನಿ ಪ್ರತಿ ಸಾಲನ್ನೂ ಸರಿಯಾದ ಹೊತ್ತಿಗೆ ಕೊಟ್ಟಿತು, ಅದಕ್ಕಿಂತ ಒಂದಕ್ಷರ ಹೆಚ್ಚಿಲ್ಲ. ಆದರೆ ಒಂದು ಲೆಕ್ಕ ಗಣಿತದ ಮೇಡಂಗೇ ತಪ್ಪಿತ್ತು. ಹಾಲ್‌ನಲ್ಲಿ ನಾನು ನಾಲ್ಕು ನಿಮಿಷಕ್ಕೆ ಮುಗಿಸುತ್ತಿದ್ದೆ. ತಾತನಿಗೆ ಆರು ಬೇಕಾಯಿತು. ಪೆಪ್ಪರ್‌ಮಿಂಟ್ ಐದಕ್ಕೇ ಕರಗಿತು.

ಕೊನೆಯ ತಿರುವು ಮುಗಿಸಿ ನಡುಗೆರೆಗೆ ಬಂದೆವು. ನಿಲ್ಲಬೇಕಾದ ಜಾಗಕ್ಕೆ ಇನ್ನು ಹನ್ನೆರಡು ಮೀಟರ್. ಆಗ ಬಲಗಡೆಯಿಂದ ಮೆಲ್ಲಗೆ, ತುಂಬ ಮೆಲ್ಲಗೆ, “ಭೇಷ್” ಎಂದು ಕೇಳಿಸಿತು.

ತಾತ ನಿಲ್ಲಬೇಕಾದ ಜಾಗದಲ್ಲೇ ನಿಂತ. ನಾನು ನಮಸ್ಕಾರ ಮಾಡಿದೆ.

ತೀರ್ಪುಗಾರರು ಕಾರಿನಿಂದಿಳಿದು ಹತ್ತಿರ ಬಂದರು. ಕೊನೆಯಲ್ಲಿ ಏನೋ ಸದ್ದು ಕೇಳಿಸಿತು, ಗಾಳಿಗೆ ಯಾರದೆಂದು ಗೊತ್ತಾಗಲಿಲ್ಲ ಎಂದರು. ಸವಾರರೇ ಕುದುರೆಗೆ ಹೇಳಿದ್ದಾದರೆ ಎರಡು ಅಂಕ ಕಳೆದರೆ ಮುಗಿಯಿತು, ಅಷ್ಟೇ ತಾನೆ ಎಂದು ಅವರೇ ದಾರಿಯನ್ನೂ ತೋರಿಸಿದರು. ಒಳ್ಳೆಯ ಮನುಷ್ಯ. ಹೌದೆನ್ನಲು ನನ್ನ ಕತ್ತು ಅರ್ಧ ಬಗ್ಗಿತ್ತು. ಸುಳ್ಳು ಎಂದು ಗೊತ್ತಿತ್ತು, ಆದರೂ ಬಗ್ಗಿತ್ತು.

“ಅವಳಲ್ಲ. ಅಂದಿದ್ದು ನಾನು.” ಅತ್ತೆ ಹಾಳೆಯನ್ನು ಮಡಚಿಕೊಂಡು ಮರಳಿನಲ್ಲಿ ಬರುತ್ತಿದ್ದರು.

ತೀರ್ಪುಗಾರರು ಇನ್ನೊಂದು ದಾರಿ ಹುಡುಕಿದರು. ಅಕ್ಕಪಕ್ಕದವರ ಹತ್ತಿರ ಏನೋ ಮಾತಾಡುತ್ತಿದ್ದಿರಬೇಕು, ಅಲ್ಲವೇ ಎಂದರು.

“ಅವರಿಗೆಲ್ಲ ನಾನ್ಯಾಕೆ ಭೇಷ್ ಅನ್ಲಿ? ನನ್ನ ಸೊಸೆಗೆ ಅಂದೆ. ಚೆನ್ನಾಗಿ ಮಾಡಿದ್ಲು, ಅಂದೆ. ಪರೀಕ್ಷೆ ಕೋಣೇಲಿ ಮಾತಾಡಿದ್ದು ತಪ್ಪು. ಹೊರಗೆ ಹಾಕಿ.”

ಹಾಕಿದರು. ಬೇರೆ ಏನು ಮಾಡಿಯಾರು?

ನನಗೆ ಕೆಂಡದಂಥ ಸಿಟ್ಟು ಬಂತು. ಆರು ವರ್ಷ, ತಾತನ ಕೊನೆಯ ಸ್ಪರ್ಧೆ, ಇನ್ನು ಹನ್ನೆರಡು ಮೀಟರ್ ತಡೆದುಕೊಳ್ಳಬಾರದಿತ್ತೇ? ಇಪ್ಪತ್ತೊಂದು ವರ್ಷ ತಡೆದುಕೊಂಡವರಿಗೆ ಅದೇನು ಕಷ್ಟ? ಕೇಳಿಬಿಡೋಣವೆಂದು ಕುದುರೆಯಿಂದಿಳಿದೆ. ಅತ್ತೆಯ ಮುಖ ಚಿಕ್ಕದಾಗಿತ್ತು. ಅವರು ತಾತನ ಕುತ್ತಿಗೆ ಸವರುತ್ತ, ಬಾಯಿ ಜಾರಿತು ಕಣೋ ಎಂದು ಅವನಿಗೆ ಹೇಳುತ್ತಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅಲ್ಲೇ ನಿಂತು ಗಳಗಳ ಅತ್ತುಬಿಟ್ಟೆ. ಎಲ್ಲರೂ ಸೋತದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು.

ಅಂಕಪಟ್ಟಿ ಮನೆಗೆ ಬಂದ ಮೇಲೆ ಅತ್ತೆ ಪೆನ್ಸಿಲ್ ಹಿಡಿದು ಎಲ್ಲ ಕೂಡಿದರು. ನೂರಕ್ಕೆ ಅರವತ್ತನಾಲ್ಕು ಆಗುತ್ತಿತ್ತಂತೆ. ಆದರೆ ಒಟ್ಟು ಅಂಕದ ಜಾಗದಲ್ಲಿ ಕೆಂಪು ಗೀಟು, ಅದರ ಕೆಳಗೆ ತೀರ್ಪುಗಾರರ ಅಕ್ಷರ: ‘ಔಟ್. ಕಾರಣ: ಸವಾರರ ಅತ್ತೆ ಭೇಷ್ ಎಂದರು.’

ಅದಕ್ಕೆ ಚೌಕಟ್ಟು ಹಾಕಿಸಿ ಕ್ಲಿನಿಕ್ಕಿನಲ್ಲಿ, ನನ್ನ ಡಿಗ್ರಿಯ ಪಕ್ಕ ತೂಗುಹಾಕಿದ್ದೇನೆ. ಇದೇನು ಎಂದು ಕೇಳುವವರ ಬಾಯಿಗೆ ಮಾತ್ರ ನಾನು ಹತ್ತಿ ಇಡುವುದಿಲ್ಲ.