ಎರಡನೆಯ ಸಲ ಕಾಯದ ಡಬ್ಬಿ

೨೦೦೨ರ ಮಾತು. ಚಚಡಿಯ ಹೊಲಗಳಲ್ಲಿ ಒಂದೇ ಟಿ.ಸಿ.ಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಮೇಲೆ ಎಂಟು ಬೋರವೆಲ್ ಮೋಟರುಗಳಿದ್ದವು. ಎಲ್ಲಕ್ಕೂ ಆಟೋ ಸ್ಟಾರ್ಟರ್. ಮೋಟರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬಂದೊಡನೆ ಎಂಟೂ ಒಮ್ಮೆಲೇ ಏಳುತ್ತಿದ್ದವು. ಆ ಹೊರೆಗೆ ಒಂದೇ ವರ್ಷದಲ್ಲಿ ಟಿ.ಸಿ. ಎರಡು ಸಲ ಸುಟ್ಟುಹೋಗಿತ್ತು. ಇನ್ನೊಮ್ಮೆ ಸುಟ್ಟುಹೋದರೆ ಹೊಸದು ಬರುವಷ್ಟರಲ್ಲಿ ಕಬ್ಬು ಒಣಗುತ್ತಿತ್ತು.

ನನ್ನದು ಸವದತ್ತಿಯಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತುವ ಅಂಗಡಿ. ಪಕ್ಕದ ರೇಡಿಯೋ ಅಂಗಡಿ ಹುಸೇನಪೀರನದು. ಅವನ ಮಗಳು ನಿಲೋಫರ್ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಮೋಟರುಗಳು ಒಂದರ ಹಿಂದೊಂದು ಏಳಲಿ ಎಂದು ಅವಳು ಎಂಟು ಡಬ್ಬಿ ಮಾಡಿದಳು. ಪ್ರತಿಯೊಂದರಲ್ಲೂ ಒಂದು ಚಿಪ್, ಅದರೊಳಗೆ ಪ್ರೋಗ್ರಾಂ. ಮೊದಲನೆಯದು ಇಪ್ಪತ್ತು ಸೆಕೆಂಡು ಕಾಯಬೇಕು, ಎರಡನೆಯದು ನಲವತ್ತು, ಹೀಗೆ. ನಾನು ಅಂಗಡಿಯಲ್ಲಿ ಹತ್ತು ಸಲ ಪ್ಲಗ್ ಕಿತ್ತು, ಮತ್ತೆ ಹಾಕಿ ನೋಡಿದೆ. ಹತ್ತೂ ಸಲ ಕಾದವು. ಜವಾಬ್ದಾರಿ ನನ್ನದು ಎಂದು ಊರವರಿಗೆ ಮಾತು ಕೊಟ್ಟೆ.

ಜೋಡಿಸಿದ ದಿನ ಸರಿಯಿತ್ತು. ಮರುದಿನ ಎಂಟೂ ಒಟ್ಟಿಗೆ ಎದ್ದು ಫ್ಯೂಸ್ ಹಾರಿತು. ಆ ಹೊಲಗಳ ಹಿರಿಯ ರಾಯಪ್ಪ ಬೆಳಿಗ್ಗೆಯೇ ಅಂಗಡಿಗೆ ಬಂದ.

"ನಿನ್ನ ಡಬ್ಬಿ ಹೊಸಾ ಅಳಿಯಾ ಇದ್ದಂಗ ಐತಿ ನೋಡಪಾ. ಒಂದ ದಿನ ಮರ್ಯಾದಿ, ಮರುದಿನ ತನ್ನ ಗುಣಾ ತೋರಸ್ತು. ನಾಳಿ ಸಂಜಿತನಕಾ ನೋಡತೇವಿ. ಆಮ್ಯಾಲ ಕಿತ್ತ ಒಗಿತೇವಿ."

ನಾನು ನೇರ ಹೋಗಿ ನಿಲೋಫರಳ ಮೇಲೆ ಕೂಗಾಡಿದೆ. ಅವಳು ಎರಡನೆಯ ಡಬ್ಬಿಯ ಪ್ರೋಗ್ರಾಂ ಹಾಳೆ ಮುಂದಿಟ್ಟಳು. ಸ್ಟ್ಯಾಟಿಕ್ ಎಂಬ ಪದವಿದ್ದ ಸಾಲಿನಲ್ಲಿ ನಲವತ್ತು ಎಂಬ ಅಂಕಿ ನನಗೂ ಕಂಡಿತು. ಬರೆದಿದ್ದರೂ ಯಾಕೆ ಕಾಯುವುದಿಲ್ಲ ಎಂದೆ.

ಅವಳು ಸುಮಾರು ಹೊತ್ತು ಹಾಳೆ ನೋಡಿ ಹೇಳಿದಳು. ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಆ ಸಾಲನ್ನು ಪ್ರತಿ ಸಲ ಮಾಡುವ ಕೆಲಸವೆಂದು ಇಡುವುದಿಲ್ಲವಂತೆ. ನಲವತ್ತನ್ನು ಚಿಪ್ಪಿನ ಅಳಿಯದ ಜಾಗದಲ್ಲಿ ಇಟ್ಟಿರುತ್ತದೆ. ಚಿಪ್ ಎಚ್ಚರವಾದಾಗ, ಪ್ರೋಗ್ರಾಂ ಶುರುವಾಗುವ ಮೊದಲು, ಅದು ಒಮ್ಮೆ ಮಾತ್ರ ನೆನಪಿನ ಜಾಗಕ್ಕೆ ನಕಲಾಗುತ್ತದೆ. ಆಮೇಲೆ ಎಣಿಕೆ ಇಳಿದು ಸೊನ್ನೆಗೆ ಬಂದರೆ ಸೊನ್ನೆಯಾಗಿಯೇ ಉಳಿಯುತ್ತದೆ. ಕರೆಂಟು ಹೋಗಿ ಬಂದರೆ ಮಾತ್ರ ಮತ್ತೆ ನಲವತ್ತು.

"ಕಾಕಾ, ಚಚಡ್ಯಾಗ ಕರೆಂಟ್ ಪೂರ್ತಿ ಹೋಗತೈತೇನ್ರಿ?"

ಅಲ್ಲಿ ಹೋಗುವುದು ತ್ರೀ ಫೇಸ್ ಮಾತ್ರ. ಮನೆಗಳ ದೀಪಕ್ಕೆಂದು ಸಿಂಗಲ್ ಫೇಸ್ ಉಳಿದಿರುತ್ತದೆ, ಡಬ್ಬಿಗಳು ಉಣ್ಣುವುದೂ ಅದನ್ನೇ. ಅಂಗಡಿಯಲ್ಲಿ ಪ್ಲಗ್ ಕಿತ್ತಾಗಲೆಲ್ಲ ಮಲಗುತ್ತಿದ್ದ ಚಿಪ್ ಅಲ್ಲಿ ಮಲಗಿಯೇ ಇರಲಿಲ್ಲ. ಮುರಗೋಡದ ಹೊಲದಲ್ಲಿ ಬೆಳೆದ ನನಗೆ ಇದು ಗೊತ್ತಿತ್ತು. ಪೇಟೆಯ ಹುಡುಗಿಗೆ ಹೇಳಿರಲಿಲ್ಲ.

"ತಪ್ಪ ನಂದವ್ವಾ," ಎಂದೆ.

ತ್ರೀ ಫೇಸ್ ಹೋದಾಗಲೆಲ್ಲ ಎಣಿಕೆಯನ್ನು ಹೊಸದಾಗಿ ತುಂಬುವ ಸಾಲೊಂದನ್ನು ಅವಳು ಸೇರಿಸಿದಳು. ಮಧ್ಯಾಹ್ನದೊಳಗೆ ಎಂಟೂ ಚಿಪ್ ತಯಾರಾದವು, ನಾನು ಅವನ್ನು ಚಚಡಿಗೆ ಒಯ್ದು ಡಬ್ಬಿಗಳಿಗೆ ಹಾಕಿದೆ. ಸಂಜೆ ಐದಕ್ಕೆ ತ್ರೀ ಫೇಸ್ ಬಂತು. ಮೋಟರುಗಳು ಸಾಲಾಗಿ ಎದ್ದವು. ರಾಯಪ್ಪ ತಲೆಯಾಡಿಸಿದ.

"ಇದನ್ನ ನಂಬಬ್ಯಾಡ್ರಿ," ಎಂದೆ. "ಮೊದಲನೇ ಸಲ ಆವತ್ತೂ ಕಾದಿದ್ವು."

ಮರುದಿನ ನಡುಮಧ್ಯಾಹ್ನ ನಾನು ಫ್ಯೂಸ್ ಕಂಬದ ಬುಡದಲ್ಲೇ ನಿಂತಿದ್ದೆ. ತ್ರೀ ಫೇಸ್ ಬಂತು. ಒಂದೂ ಮೋಟರ್ ಏಳಲಿಲ್ಲ. ರಾಯಪ್ಪ ಕೈಗಡಿಯಾರ ನೋಡುತ್ತಿದ್ದ. ಇಪ್ಪತ್ತಕ್ಕೆ ಒಂದು ಎದ್ದಿತು, ನಲವತ್ತಕ್ಕೆ ಇನ್ನೊಂದು. ಎಂಟನೆಯದೂ ನೀರು ಉಗುಳಿದ ಮೇಲೆ ಅವನು ಗಡಿಯಾರ ಕಟ್ಟಿದ ಕೈ ಇಳಿಸಿದ.

"ಇರಲಿ ಡಬ್ಬಿ," ಎಂದು ಕಬ್ಬಿಗೆ ನೀರು ತಿರುಗಿಸಲು ಹೋದ.