ಅಕ್ಕ ಉಸಿರೆಳೆದುಕೊಂಡರೆ

ಕನ್ನಡಿಯನ್ನು ಯಾರೋ ಒರೆಸಿಬಿಟ್ಟಿದ್ದಾರೆ, ಚರ್ಚಿನ ಆರ್ಗನ್ನಿನ ಮೇಲೆ ಮೊಳೆಗೆ ತಗುಲಿಹಾಕಿದ ಈ ಅಂಗೈಯಗಲದ ಕನ್ನಡಿ, ಮೂಲೆಯಲ್ಲಿದ್ದ ನನ್ನ ಹೆಬ್ಬೆರಳ ಗುರುತೂ ಹೋಗಿದೆ, ಇವತ್ತೇ ಇಷ್ಟು ಸ್ವಚ್ಛವಾಗಿರಬೇಕಿತ್ತೇ, ಎಲ್ಲವೂ ಕಾಣುತ್ತದೆ, ಸಭೆಗೆ ಬೆನ್ನು ಹಾಕಿ ಕೂತು ನುಡಿಸುವ ನನಗೆ ಇದೊಂದೇ ಕಣ್ಣು — ಪಾದ್ರಿಗಳ ಬೋಳುತಲೆ, ಬಿಳಿ ಹೂ ಇಟ್ಟ ಪೆಟ್ಟಿಗೆ, ಪೆಟ್ಟಿಗೆಯೊಳಗೆ ನನ್ನ ಅಕ್ಕ, ಆಚೆ ಗಾಯಕರ ಸಾಲು, ಸಾಲಿನ ತುದಿಯಲ್ಲಿ ಒಬ್ಬರು ನಿಲ್ಲುವಷ್ಟು ಜಾಗ, ಅಕ್ಕ ನಿಂತು ಹಾಡುತ್ತಿದ್ದ ಜಾಗ. ಯಾರೂ ಅಲ್ಲಿಗೆ ಸರಿದು ನಿಂತಿಲ್ಲ. ಪಾದ್ರಿಗಳು ಹೇಳುತ್ತಿದ್ದಾರೆ, ನಮ್ಮ ಸೋದರಿ ನ್ಯಾಯಾಲಯದಲ್ಲಿ ದಿಕ್ಕಿಲ್ಲದವರ ದನಿಯಾಗಿದ್ದರು, ಇಲ್ಲಿ ನಮ್ಮೆಲ್ಲರ ದನಿಯಾಗಿದ್ದರು, ಅಕ್ಕ ಕೇಳಿದ್ದರೆ ನಕ್ಕುಬಿಡುತ್ತಿದ್ದಳು, ದನಿ ಗಿನಿ ಏನಿಲ್ಲ ಕಣೋ, ಶೀತ ಆದ್ರೆ ನಾನೂ ಕಪ್ಪೆನೇ. ಈ ಮಾತು ಮುಗಿದರೆ ಹಾಡು, ಹಾಡು ಶುರುಮಾಡಬೇಕಾದವನು ನಾನು, ಹೇಗೆ ಶುರುಮಾಡಲಿ, ಇಷ್ಟು ವರ್ಷ ನಾನು ಯಾವತ್ತಾದರೂ ಶುರುಮಾಡಿದ್ದೇನೆಯೇ, ಕನ್ನಡಿಯಲ್ಲಿ ಅವಳ ತುಟಿ ಒಂದು ಕಾಳಿನಷ್ಟು ತೆರೆಯುತ್ತಿತ್ತು, ಭುಜ ಏಳದೆ ಪಕ್ಕೆಲುಬು ಅಗಲವಾಗುತ್ತಿತ್ತು, ಅಕ್ಕ ಉಸಿರೆಳೆದುಕೊಂಡಳೆಂದರೆ ನನ್ನ ಬೆರಳು ತಾವಾಗಿ ಇಳಿಯುತ್ತಿದ್ದವು, ನಿಮ್ಮ ತಾಳದ ಲೆಕ್ಕ ಎಷ್ಟು ಸರಿಯಪ್ಪಾ ಎಂದು ಜನ ನನ್ನನ್ನು ಹೊಗಳುವರು, ನಾನು ಹಲ್ಲು ಕಿರಿದು ಹೊಗಳಿಸಿಕೊಳ್ಳುವೆ, ಅವಳು ಪಕ್ಕದಲ್ಲೇ ಕೋಟಿನ ಗುಂಡಿ ಹಾಕಿಕೊಳ್ಳುವಳು.

ಮನೆಗೆ ಮಾರಿ ಊರಿಗೆ ಉಪಕಾರಿ ಎನ್ನುತ್ತಿದ್ದಳು ಅಮ್ಮ, ವಕೀಲರನ್ನಿಟ್ಟುಕೊಳ್ಳಲು ಗತಿಯಿಲ್ಲದ ಆರೋಪಿಗಳ ಪರವಾಗಿ ನಿಲ್ಲುವ ಸರ್ಕಾರಿ ಕೆಲಸ ಅವಳದು, ನಾನು ಅವಳಿಗಿಟ್ಟ ಹೆಸರು ಕಳ್ಳರಕ್ಕ, ಕಳ್ಳರಕ್ಕ ಬಂದ್ಲು ಚಪ್ಪಲಿ ಒಳಗಿಡ್ರಪ್ಪ, ಅವಳು ಚೀಲ ಇಳಿಸುತ್ತ, ನಿನ್ ಚಪ್ಪಲಿ ಯಾವ ಕಳ್ಳನೂ ಮುಟ್ಟಲ್ಲ ಬಿಡೋ. ನಿನ್ ಆರೋಪಿ ನಿಜವಾಗ್ಲೂ ಮಾಡಿದಾನಾ ಅಕ್ಕ — ಮಾಡಿದಾನೆ — ಮತ್ತೆ ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳೋದು ಯಾಕೆ — ಮಾಡಿದವನ ಪಕ್ಕದಲ್ಲೂ ಒಬ್ಬರು ನಿಲ್ಲಬೇಕಲ್ಲೋ. ಇಷ್ಟೇ, ಮತ್ತೆ ಊಟಕ್ಕೆ ಕೂರುವಳು. ನನಗೆ ಅರ್ಥವಾಗಿರಲಿಲ್ಲ, ಅವಳು ಮರೆತುಹೋದ ಕನ್ನಡಕ ಕೊಡಲು ಆವತ್ತು ನ್ಯಾಯಾಲಯಕ್ಕೆ ಹೋಗದಿದ್ದರೆ ಇವತ್ತಿಗೂ ಆಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಫ್ಯಾನು ಕಿರುಗುಟ್ಟುತ್ತಿತ್ತು, ಅಂಗಡಿಯ ಬೀಗ ಮುರಿದು ಕಾವಲುಗಾರನ ಕೈ ಮುರಿದವನ ತೀರ್ಪು, ಬೀಗದವನು ಎಂದೇ ಎಲ್ಲರೂ ಕರೆಯುತ್ತಿದ್ದ ದಪ್ಪ ಕತ್ತಿನ ಆಳು, ಶಿಕ್ಷೆ ಕಡಿಮೆಮಾಡಿ ಎಂದು ಅಕ್ಕ ಕೇಳಿದ್ದು ಯಾವುದೂ ನಡೆದಿಲ್ಲ, ಏಳು ವರ್ಷ ಎಂದರು ನ್ಯಾಯಾಧೀಶರು, ಅವನು ಕಟಕಟೆ ಹಿಡಿದು ಉಸಿರು ಕಟ್ಟಿ ನಿಂತ, ಅವನ ಹೆಂಡತಿ ಎದ್ದು ಹೊರಗೆ ಹೋದಳು, ಎದುರು ವಕೀಲರು ಕಾಗದ ಕಟ್ಟಿಕೊಳ್ಳತೊಡಗಿದರು, ಸೋತ ವಕೀಲೆಗೂ ಅಲ್ಲಿ ಇನ್ನೇನು ಕೆಲಸ, ಆದರೆ ಅಕ್ಕ ನಿಂತೇ ಇದ್ದಾಳೆ, ಅವನ ಬೆನ್ನಿನ ಮೇಲೆ ಬೆರಳು ಬಿಚ್ಚಿದ ಅಂಗೈ ಇಟ್ಟು, ಉಸಿರು ಬಿಡಪ್ಪ, ಹಾಂ, ಈಗ ತಗೋ, ನಾನಿಲ್ಲೇ ಇದೀನಿ. ಪೊಲೀಸರು ಕೂಡ ಕಾದರು. ಮನೆಯಲ್ಲಿ ಒಂದೇ ಬಚ್ಚಲಿಗೆ ನನ್ನ ಜೊತೆ ಜಗಳವಾಡಿ ಬೆಳೆದವಳು ಇವಳೇನಾ, ಎಷ್ಟು ದೊಡ್ಡವಳಪ್ಪ ನನ್ನ ಅಕ್ಕ ಎಂದು ಮೊದಲ ಸಲ ಅನ್ನಿಸಿತು, ಕನ್ನಡಕ ಕೊಡುವುದನ್ನು ಮರೆತು ಮನೆಗೆ ವಾಪಸು ತಂದೆ. ಬೈದಳು.

ಮೊನ್ನೆ ಅದೇ ಕಟ್ಟಡದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ. ಬೇಡ, ಅದು ಬೇಡ ಈಗ, ಕನ್ನಡಿ ನೋಡು, ಹಿಂದಿನ ಬೆಂಚುಗಳಲ್ಲಿ ಅವಳ ಕಕ್ಷಿದಾರರು, ಪಾದ್ರಿಗಳು ಒಳಗೆ ಬಂದಾಗ ಧಡಕ್ಕನೆ ಎದ್ದವರು ಇನ್ನೂ ಕೂತಿಲ್ಲ, ಅವರು ಕಂಡ ದೊಡ್ಡ ಕೋಣೆಯೆಂದರೆ ನ್ಯಾಯಾಲಯ, ಕೂರಿ ಎಂದು ಯಾರಾದರೂ ಹೇಳಬೇಕಲ್ಲ, ಪಾದ್ರಿಗಳು ಕೈಸನ್ನೆ ಮಾಡಿದರೆ ಕೈ ಮುಗಿದರು, ಅಯ್ಯೋ ನಗು ಬರುತ್ತದೆ. ಪಾದ್ರಿಗಳು ಕೂತರು. ಈಗ. ಎಲ್ಲರೂ ನನ್ನ ಬೆನ್ನು ನೋಡುತ್ತಿದ್ದಾರೆ, ಬೆರಳು ಮೇಲೆ ನಿಂತಿವೆ, ಕನ್ನಡಿಯಲ್ಲಿ ಆ ಜಾಗ, ತುಟಿಯಿಲ್ಲದ ಜಾಗ, ಯಾವಾಗ ಇಳಿಸಲಿ, ಹೇಳೇ ಅಕ್ಕ. ಯಾರೋ ಕೆಮ್ಮುತ್ತಾರೆ. ಚಪ್ಪಲಿ ಸದ್ದು, ನಡುವಿನ ದಾರಿಯಲ್ಲಿ ಒಬ್ಬ ಬರುತ್ತಿದ್ದಾನೆ, ಆ ದಪ್ಪ ಕತ್ತು, ಏಳು ವರ್ಷ ಕಳೆದು ಬಂದವನ ತಲೆ ನರೆತಿದೆ, ಹಿರಿಯರೊಬ್ಬರು ಅರ್ಧ ಎದ್ದು, ಈಗಲ್ಲಪ್ಪ, ಹಾಡು ಇದೆ, ಆಮೇಲೆ ನೋಡುವೆಯಂತೆ — ನೋಡೋಕಲ್ಲ ಸ್ವಾಮಿ, ಅಕ್ಕ ಒಬ್ರೇ ಇದಾರೆ. ಬೀಗದವನು ಪೆಟ್ಟಿಗೆಯ ಪಕ್ಕಕ್ಕೆ ಬಂದ, ಪಾದ ಜೋಡಿಸಿ, ತೀರ್ಪಿಗೆ ನಿಂತವನಂತೆ ಮುಂದೆ ನೋಡುತ್ತ ನಿಂತ, ಕೈ ಚಾಚಿ ಮರದ ಮೇಲೆ ಇಟ್ಟ, ಯಾರೂ ತಡೆಯಲಿಲ್ಲ, ಉಸಿರು ಬಿಡಪ್ಪ, ಹಾಂ, ಈಗ ತಗೋ, ಯಾರು ಹೇಳಿದ್ದು, ನನ್ನ ಬಾಯಿ ತೆರೆಯಿತು, ಪಕ್ಕೆಲುಬು ಅಗಲವಾದವು, ಬೆರಳು ಇಳಿಯುತ್ತಿವೆ, ಕನ್ನಡಿಯಲ್ಲಿ ಬೇರೇನೂ ಕಾಣುತ್ತಿಲ್ಲ, ಮರದ ಮೇಲೆ ಬೆರಳು ಬಿಚ್ಚಿದ ಆ ಅಂಗೈ, ಕದಲದೆ, ಆ ಅಂಗೈ