ಎರಡನೇ ಸದ್ದು

ನಮ್ಮ ಮೇಷ್ಟ್ರದ್ದು ಅಕ್ಷರಶಃ ಬಾಯಿಪಾಠ. ಹೃದ್ರೋಗ ವಿಭಾಗದಲ್ಲಿ ಅವರದ್ದು ಒಂದೇ ಕಟ್ಟಳೆ: ರೋಗಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟವನು, ಕಾಯಿಲೆಯ ಹೆಸರು ಹೇಳುವ ಮೊದಲು ಕೇಳಿದ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. "ಹೆಸರು ಪುಸ್ತಕದಲ್ಲೂ ಸಿಗುತ್ತೆ ಕಣ್ರೋ, ಸದ್ದು ರೋಗಿಗಳ ಹತ್ರ ಮಾತ್ರ ಇರೋದು" ಎನ್ನುತ್ತಿದ್ದರು. ರ‍್ಯಾಂಕು ಬಂದವರೆಲ್ಲ ವಾರ್ಡಿನಲ್ಲಿ ಬುಸ್ ಪುಸ್ ಎಂದು ಬೆವರುವಾಗ ರೋಗಿಗಳೇ ನಗುತ್ತಿದ್ದರು. ಪ್ರಿನ್ಸಿಪಾಲರ ಕೆಮ್ಮಿನಿಂದ ಲಿಫ್ಟಿನ ಕಿರುಗುಟ್ಟುವಿಕೆಯವರೆಗೆ ಎಲ್ಲವನ್ನೂ ಅಣಕಿಸುತ್ತಿದ್ದ ನನಗೆ ಮಾತ್ರ ಅದು ನೀರು ಕುಡಿದಷ್ಟು ಸಲೀಸು. ಮೇಷ್ಟ್ರು ನನ್ನನ್ನು ಗಿಳಿ ಎಂದೇ ಕರೆಯುತ್ತಿದ್ದರು.

ಇತ್ತೀಚೆಗೆ ಅವರು ಮೆಟ್ಟಿಲು ಹತ್ತುವಾಗ ಮಧ್ಯೆ ನಿಂತು ಗೋಡೆಯ ನೋಟಿಸು ಓದುತ್ತಿದ್ದರು. ಓದಿದ್ದನ್ನೇ ಮತ್ತೆ ಓದುತ್ತಿದ್ದರು.

ಒಂದು ಸಂಜೆ ಹೊರರೋಗಿಗಳೆಲ್ಲ ಹೋದ ಮೇಲೆ ನನ್ನನ್ನು ಕೋಣೆಗೆ ಕರೆದರು. ಎಂದಿನಂತೆ ಅವರನ್ನು ಮನೆಗೆ ಕರೆದೊಯ್ಯಲು ಬಂದಿದ್ದ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೇಷ್ಟ್ರು ಬಾಗಿಲು ಮುಂದೆ ಮಾಡಿ, ಮಂಚದ ಮೇಲೆ ಕೂತು ಅಂಗಿ ಗುಂಡಿ ಬಿಚ್ಚಿದರು.

"ಇಡೋ ಗಿಳಿ. ಕೇಳು. ಮಾಡು."

"ಎಕೋ ಸ್ಕ್ಯಾನ್ ಮಾಡಿಸಿಬಿಡೋಣ ಸರ್..."

"ನಾನು ಎಕೋ ಮಾಡಿಸಿದ್ರೆ ಇಡೀ ಆಸ್ಪತ್ರೆಗೇ ಎಕೋ ಆಗುತ್ತೆ. ರಾತ್ರಿಯೊಳಗೆ ಇವಳ ಕಿವಿಗೆ ಬೀಳುತ್ತೆ. ಇವಳ ಅಣ್ಣ ಹೃದಯದ ಕವಾಟ ಕೆಟ್ಟೇ ಹೋದದ್ದು, ನನ್ನ ಕೈಯಲ್ಲೇ. ಏನಾಗಿತ್ತು ಅಂತ ಇವಳು ಕೇಳಿದಾಗ ಊಟದ ಮೇಜಿನ ಹತ್ರ ಸದ್ದು ಮಾಡಿ ತೋರಿಸಿದ್ದೆ, ಪೆದ್ದನ ಹಾಗೆ. ಇವಳಿಗೆ ಗೊತ್ತಾಗಬಾರದು." ಹಾಗೆನ್ನುತ್ತ ಕಿಟಕಿಯ ಕಡೆ ತಿರುಗಿದರು.

"ನೀವೇ ಇಟ್ಟುಕೊಂಡು ಕೇಳಬಹುದಲ್ಲ ಸರ್?"

ಅವರು ಕಿಟಕಿಯಿಂದ ಈ ಕಡೆ ತಿರುಗಲಿಲ್ಲ.

ಇಟ್ಟೆ. ಮೊದಲ ಸದ್ದು, ಲಬ್, ಇತ್ತು. ಅದರ ಬೆನ್ನಿಗೇ ಒಣಮರಕ್ಕೆ ಗರಗಸ ಎಳೆದಂಥ ಖರ್ರ್, ಏರಿ ಇಳಿಯಿತು. ಆಮೇಲೆ ಡಬ್ ಬರಬೇಕು, ಕವಾಟ ಮುಚ್ಚಿತು ಎಂದು ಹೇಳುವ ಸದ್ದು. ಕಾದೆ. ಮತ್ತೆ ಲಬ್ಬೇ ಬಂತು. ಎರಡನೇ ಸದ್ದು ಅಡಗಿತೆಂದರೆ ಕವಾಟ ಕಲ್ಲಾಯಿತೆಂದೇ ಲೆಕ್ಕ, ಕಲಿಸಿದವರು ಅವರೇ.

ಬಾಗಿಲ ಕಡೆ ನೋಡುತ್ತ ಉಸಿರಿನಲ್ಲೇ ಮಾಡಿದೆ.

ಮೇಷ್ಟ್ರು ನನ್ನ ತುಟಿಯನ್ನೇ ನೋಡುತ್ತಿದ್ದರು. "ಡಬ್ ಇದೆಯೋ ಇಲ್ವೋ?"

ಇಲ್ಲವೆಂದು ತಲೆಯಾಡಿಸಿದೆ.

"ತಲೆ ಆಡಿಸಬೇಡ. ಸದ್ದು ಮಾಡು, ಜೋರಾಗಿ." ಆಮೇಲೆ ದನಿ ತಗ್ಗಿಸಿದರು. "ಕಿವಿ ಹೋಗಿ ಬಹಳ ದಿನ ಆಯ್ತು ಕಣೋ. ಇಷ್ಟು ದಿನ ನಿಮ್ಮ ಬಾಯಲ್ಲೇ ಕೇಳ್ತಿದ್ದೆ."

ಎದೆ ತುಂಬ ಉಸಿರೆಳೆದುಕೊಂಡು ಮಾಡಿದೆ. ಲಬ್, ಖರ್ರ್ರ್. ಲಬ್, ಖರ್ರ್ರ್. ಯಾರನ್ನೂ ಅಷ್ಟು ಸರಿಯಾಗಿ ನಾನು ಅನುಕರಿಸಿರಲಿಲ್ಲ.

ಮೇಷ್ಟ್ರು ಕಣ್ಣು ಮುಚ್ಚಿ, ಬೆರಳೆತ್ತಿ, ಡಬ್ ಬರಲೆಂದು ಕಾದರು. ಬೆರಳು ಮೆಲ್ಲಗೆ ಇಳಿಯಿತು.

ಬಾಗಿಲು ತೆರೆಯಿತು. "ನಮ್ಮಣ್ಣನ ಸದ್ದಲ್ವೇನಪ್ಪಾ ಅದು? ಯಾರಿಗೆ..." ಎನ್ನುತ್ತ ಒಳಗೆ ಬಂದವರ ಕಣ್ಣು ಬಿಚ್ಚಿದ ಅಂಗಿಯ ಮೇಲೆ ನಿಂತಿತು.

ಹತ್ತಿರ ಬಂದು ಗುಂಡಿಗಳನ್ನು ಒಂದೊಂದಾಗಿ ಹಾಕತೊಡಗಿದರು. ಕೊನೆಯ ಗುಂಡಿ ಹಿಡಿದುಕೊಂಡು, ತಲೆಯೆತ್ತದೆ, "ನನಗೊಂದು ಮಾತು ಹೇಳಬಾರದಿತ್ತೇನ್ರೀ?" ಎಂದರು.

ಮೇಷ್ಟ್ರು ನನ್ನ ಕಡೆ ತಿರುಗಿದರು. "ಏನಂದಳೋ, ಗಿಳಿ?"

ಬಾಯಿ ತೆರೆದೆ. ಆ ದನಿ ನನಗೆ ಬರಲಿಲ್ಲ.